ಸ್ಕೈಡೈವಿಂಗ್ ಮಾಡುವಾಗ ಪ್ಯಾರಾಶೂಟ್ ಬಿಚ್ಚಿಕೊಳ್ಳದಿದ್ದರೆ ಏನು ಗತಿ?

ಬೆನ್ನಿಗೆ ಕಟ್ಟಿಕೊಂಡ ಚೀಲದಲ್ಲಿ ಒಂದಲ್ಲ, ಎರಡು ಪ್ಯಾರಾಶೂಟ್ ಇರುತ್ತವೆ. ಮೊದಲನೆಯದು ಸಿಕ್ಕುಬಿದ್ದರೆ ಸಾಮಾನ್ಯವಾಗಿ ಎದೆಯ ಬಲಗಡೆಯ ಹಿಡಿಕೆ ಎಳೆದು ಅದನ್ನು ಪೂರ್ತಿ ಕಳಚಿಬಿಡುತ್ತಾರೆ, ತಕ್ಷಣ ಎಡಗಡೆಯದನ್ನು ಎಳೆದು ಮೀಸಲು ಪ್ಯಾರಾಶೂಟ್ ಬಿಚ್ಚುತ್ತಾರೆ. ಈ ಕ್ರಮ ತಪ್ಪಬಾರದು. ಮೊದಲನೆಯದು ತಲೆಯ ಮೇಲೆ ಪಟಪಟ ಬಡಿಯುತ್ತಿರುವಾಗಲೇ ಎರಡನೆಯದನ್ನು ಬಿಟ್ಟರೆ ಎರಡೂ ಹೆಣೆದುಕೊಳ್ಳುವ ಅಪಾಯವಿದೆ. ಅದಕ್ಕೇ ಕೈಗೆ ರೂಢಿಯಾಗುವವರೆಗೂ ನೆಲದ ಮೇಲೆ ಇದನ್ನೇ ಅಭ್ಯಾಸ ಮಾಡಿಸುತ್ತಾರೆ.

ಪ್ರಜ್ಞೆ ತಪ್ಪಿದರೆ? ಚೀಲದೊಳಗಿನ ಪುಟ್ಟ ಯಂತ್ರವೊಂದು ಗಾಳಿಯ ಒತ್ತಡದಿಂದಲೇ ಎತ್ತರ, ವೇಗ ಎರಡನ್ನೂ ಲೆಕ್ಕ ಹಾಕುತ್ತಿರುತ್ತದೆ. ಸುಮಾರು 750 ಅಡಿಗೆ ಇಳಿದರೂ ಬೀಳುವ ವೇಗ (ಗಂಟೆಗೆ ಹೆಚ್ಚುಕಡಿಮೆ 190 ಕಿ.ಮೀ.) ತಗ್ಗದಿದ್ದರೆ, ಮೀಸಲು ಪ್ಯಾರಾಶೂಟನ್ನು ಬಿಗಿದಿಟ್ಟ ದಾರವನ್ನು ತಾನೇ ಕತ್ತರಿಸುತ್ತದೆ. ಈ ಆಟದ ಮೇಲೆ ನನಗೆ ನಂಬಿಕೆ ಹುಟ್ಟಿಸಿದ್ದೇ ಆ ಪುಟ್ಟ ಕತ್ತರಿ.