ಪ್ಲೇಸೆಂಟರ್‌ನಲ್ಲಿ ಮಗನ ಜೊತೆ ನಾನೂ ಕೂತು ಆಡಬೇಕಂತೆ, ಪಾಠ ಏನೂ ಇಲ್ಲ. ಡೇಕೇರ್‌ಗೆ ಹಾಕಿದರೆ ಒಳ್ಳೆಯದಾ?

ಎರಡೂವರೆ ವರ್ಷದ ಮಗ, ನ್ಯೂಜಿಲೆಂಡ್‌ನ ವೆಲಿಂಗ್ಟನ್, ಅಪ್ಪ ಅಮ್ಮಂದಿರೇ ಸೇರಿ ನಡೆಸುವ ಪುಟ್ಟ ಮಕ್ಕಳ ಪ್ಲೇಸೆಂಟರ್, "ಸುಮ್ನೆ ಮಣ್ಣಲ್ಲಿ ಆಡಿಸುತ್ತಾರೆ" ಅನ್ನುವ ದೂರು. ನಾನೇ ಆರು ವರ್ಷದ ಹಿಂದೆ ಬರೆದ ಪ್ರಶ್ನೆ ಓದಿದ ಹಾಗಾಯಿತು.

ನಾವು ಹಾಸನದಿಂದ ವೆಲಿಂಗ್ಟನ್ ಪಕ್ಕದ ಲೋವರ್ ಹಟ್‌ಗೆ ಬಂದ ವರ್ಷ ಅದು. ಹೆಂಡತಿಗೆ ಕೆಲಸ ಇತ್ತು, ನನಗೆ ಇರಲಿಲ್ಲ. ಹಾಗಾಗಿ ವಾರಕ್ಕೆ ಎರಡು ದಿನ ಬೆಳಿಗ್ಗೆ ಮಗಳ ಜೊತೆ ಪ್ಲೇಸೆಂಟರ್‌ಗೆ ಹೋಗುವುದು ನನ್ನ ಪಾಲಿಗೆ ಬಂತು. ಹತ್ತು ಜನ ಅಮ್ಮಂದಿರು, ಒಬ್ಬರು ಅಜ್ಜಿ, ನಾನು. ಮರಳು, ನೀರಿನ ತೊಟ್ಟಿ, ಜೇಡಿಮಣ್ಣು, ಬಣ್ಣ, ವೇಷದ ಬಟ್ಟೆ. ಒಂದು ಮೂಲೆಯಲ್ಲಿ ನಿಜವಾದ ಸುತ್ತಿಗೆ, ಗರಗಸ! ಮೊದಲ ದಿನ ಜೀವ ಬಾಯಿಗೆ ಬಂದಿತ್ತು.

ನನ್ನ ತಪ್ಪು ಏನು ಗೊತ್ತಾ? ಮೇಷ್ಟ್ರಾಗಿದ್ದು.

ಮಗಳು ತೊಟ್ಟಿಯ ಮುಂದೆ ನಿಂತು ಜರಡಿಯಲ್ಲಿ ನೀರು ಮೊಗೆಯುತ್ತಿದ್ದಳು. ಎತ್ತುವುದು, ಸೋರುವುದನ್ನು ನೋಡುವುದು, ಮತ್ತೆ ಮೊಗೆಯುವುದು. ಹತ್ತು ಸಲ, ಇಪ್ಪತ್ತು ಸಲ. ನನಗೆ ತಡೆಯಲಾಗಲಿಲ್ಲ. "ಅದರಲ್ಲಿ ನಿಲ್ಲಲ್ಲ ಪುಟ್ಟಿ" ಅಂತ ಜರಡಿ ತೆಗೆದುಕೊಂಡು ಮಗ್ ಕೊಟ್ಟೆ. ಒಂದು ಸಲ ತುಂಬಿದಳು, ಸುರಿದಳು, ಮಗ್ ಇಟ್ಟು ಹೊರಟುಹೋದಳು. ಕಲಿತಳು ಅಂತ ನಾನು ಬೀಗಿದೆ. ನೀರು ನಿಲ್ಲುವುದಿಲ್ಲ ಅಂತ ಅವಳಿಗೆ ಮೊದಲ ಸಲವೇ ಗೊತ್ತಾಗಿತ್ತು ಮಾರಾಯ್ರೆ. ಸೋರುವುದೇ ಆಟ. ಆ ಆಟವನ್ನು ನಾನು ಕಿತ್ತುಕೊಂಡಿದ್ದೆ.

ಇದು ಒಂದು ದಿನದ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಅವಳು ಜೇಡಿಮಣ್ಣಿನ ಹಾವು ಮಾಡಿದರೆ ನಾನು ಅದಕ್ಕೆ ಕಣ್ಣು ಇಡುತ್ತಿದ್ದೆ. ನೀಲಿ ಆನೆ ಬರೆದರೆ "ಆನೆ ಯಾವ ಬಣ್ಣ?" ಅಂತ ಕೇಳುತ್ತಿದ್ದೆ. ಮೂರು ತಿಂಗಳಾಗುವಷ್ಟರಲ್ಲಿ ಬ್ರಶ್ ಮುಟ್ಟುವ ಮೊದಲು ನನ್ನ ಮುಖ ನೋಡುತ್ತಿದ್ದಳು. ಆಮೇಲೆ ನೋಡುವುದನ್ನೂ ಬಿಟ್ಟಳು. "ನೀನೇ ಮಾಡು ಅಪ್ಪ." ಮನೆಯಲ್ಲೂ ಅಷ್ಟೇ. ಹತ್ತಿರ ಹತ್ತಿರ ಒಂದು ವರ್ಷ ಕ್ರೆಯಾನ್ ಹಿಡಿಯಲಿಲ್ಲ.

ಅಲ್ಲಿ ಪ್ರತಿ ಮಗುವಿಗೂ ಒಂದು ಪುಸ್ತಕ ಇರುತ್ತದೆ. ಬೇರೆಯವರ ಮಕ್ಕಳ ಬಗ್ಗೆಯೂ ನಾವು ಬರೆಯುತ್ತೇವೆ, ಫೋಟೋ ಅಂಟಿಸುತ್ತೇವೆ. ಒಬ್ಬ ಅಮ್ಮ ನನ್ನ ಮಗಳ ಪುಸ್ತಕದಲ್ಲಿ ಬರೆದಿದ್ದರು: "ಅಪ್ಪ ಅಡುಗೆಮನೆಯಲ್ಲಿ ಕಪ್ ತೊಳೆಯುತ್ತಿದ್ದರು. ಇವಳು ಒಬ್ಬಳೇ ಇಪ್ಪತ್ತು ನಿಮಿಷ ಬಣ್ಣ ಹಚ್ಚಿದಳು." ಅಷ್ಟೇ. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಹಾಗಾಗಿ "ಪಾಠ ಇಲ್ಲ" ಅನ್ನುವ ನಿಮ್ಮ ದೂರನ್ನು ನಾನು ಒಪ್ಪುವುದಿಲ್ಲ. ಪಾಠ ಇದೆ, ನಿಮಗೆ. 1941ರಲ್ಲಿ ನಿಮ್ಮ ವೆಲಿಂಗ್ಟನ್‌ನ ಕರೋರಿಯಲ್ಲೇ ಪ್ಲೇಸೆಂಟರ್ ಶುರುವಾಗಿದ್ದು. ಯುದ್ಧದ ಕಾಲ, ಎಷ್ಟೋ ಮನೆಗಳಲ್ಲಿ ಗಂಡಸರಿಲ್ಲ. ಅಮ್ಮಂದಿರೇ ಸೇರಿ ನಡೆಸಿದರು. ಈಗಲೂ ಲೆಕ್ಕ ನೋಡುವುದರಿಂದ ಕಸ ಗುಡಿಸುವವರೆಗೆ ಹೆಚ್ಚಿನ ಕೆಲಸ ಅಪ್ಪ ಅಮ್ಮಂದಿರದ್ದೇ. ದೊಡ್ಡವರಿಗೆ ಅಂತಲೇ ಕೋರ್ಸ್ ಕೂಡ ಇದೆ, ಮಾಡಿ. ಇನ್ನು ಡೇಕೇರ್‌ನಲ್ಲಿ ಎಬಿಸಿಡಿ ತಿದ್ದಿಸುತ್ತಾರೆ ಅಂದುಕೊಂಡಿದ್ದರೆ ಅದನ್ನೂ ಬಿಡಿ. ಎರಡು ಕಡೆಯೂ ಇರುವುದು ಅದೇ ತೆ ಫಾರಿಕಿ, ಅಂದರೆ ಶಾಲೆಗೆ ಮುಂಚಿನ ಮಕ್ಕಳಿಗಾಗಿ ನ್ಯೂಜಿಲೆಂಡ್ ಮಾಡಿರುವ ಪಠ್ಯಕ್ರಮ. ಅಲ್ಲೂ ಆಟವೇ. ನಿಮ್ಮಿಬ್ಬರಿಗೂ ಕೆಲಸ ಇದ್ದರೆ ಡೇಕೇರ್‌ಗೆ ಹಾಕಿ, ಅದು ಬೇರೆ ಮಾತು.

ಪ್ಲೇಸೆಂಟರ್‌ಗೆ ಹೋಗುವುದಾದರೆ ಮಗನನ್ನು ಆಡಿಸಬೇಡಿ. ಪಕ್ಕದಲ್ಲಿ ಕೂತು ನಿಮ್ಮದೇ ಆಟ ಆಡಿ. ನಾನು ಕೊನೆಗೆ ಪ್ಲೇಡೋ ಟೇಬಲ್‌ನಲ್ಲಿ ಕೂತು ನನ್ನ ಪಾಡಿಗೆ ಚಪಾತಿ ಲಟ್ಟಿಸತೊಡಗಿದೆ. ಒಬ್ಬ ಪುಟ್ಟ ಹುಡುಗ ಬಂದು ಕೈ ಚಾಚಿದ. ಅವನ ಅಂಗೈಯಲ್ಲಿ ಅನ್ನ ಸಾರು ಕಲಸಿ, ಬೆರಳಿಗೊಂದು ತುತ್ತು ಹಂಚಿ, ತೋಳ ಮೇಲೆ ಬೆರಳು ಓಡಿಸಿ ಕಂಕುಳಲ್ಲಿ ಕಚಗುಳಿ ಇಟ್ಟೆ. ನಮ್ಮಜ್ಜಿ ಆಡಿಸುತ್ತಿದ್ದ ಆಟ. ಕನ್ನಡ ಒಂದಕ್ಷರ ಬಾರದ ಆ ಹುಡುಗ ವಾರ ವಾರ ಬಂದು ಅಂಗೈ ತೋರಿಸುತ್ತಿದ್ದ. ಮೂರನೇ ವಾರ ನನ್ನ ಮಗಳು ಅವನನ್ನು ಪಕ್ಕಕ್ಕೆ ತಳ್ಳಿ ಮಡಿಲಲ್ಲಿ ಕೂತಳು. ನನ್ನ ಅಂಗೈ ಬಿಡಿಸಿ ತಾನೇ ಅನ್ನ ಕಲಸಿದಳು. ಮೊದಲು ಸಾರು, ಆಮೇಲೆ ಅನ್ನ. ನಾನು ತಿದ್ದಲಿಲ್ಲ.

ಹಳೇ ಪ್ಯಾಂಟ್ ಹಾಕಿಕೊಂಡು ಹೋಗಿ. ಸಾಕ್ಸ್ ನಿಮಗೂ ಒಂದು ಜೊತೆ ಜಾಸ್ತಿ ಇರಲಿ.