25 ಸೆಕೆಂಡಿನ ಕಸರತ್ತು, 56 ದಿನದ ತಾಯಿ

ಹೊಸನಗರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

"ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದು ಮೂರು ವರ್ಷವಾಯಿತು. ನಮ್ಮ ಲ್ಯಾಬ್ರಡಾರ್ ಮೊದಲ ಸಲ ಮರಿ ಹಾಕಿದೆ, ಏಳು. ಮೂರನೇ ದಿನದಿಂದ ಮರಿಗಳ ನರ ಚುರುಕಾಗಲು ಐದು ವ್ಯಾಯಾಮ ಮಾಡಿಸುತ್ತಿದ್ದೇನೆ. ಜಾಸ್ತಿ ಪ್ರಯೋಜನವಾಗಲಿ ಎಂದು ದಿನಕ್ಕೆ ಎರಡು ಸಲ. 'ಹಸಿ ಮರಿ ಮುಟ್ಟಬೇಡ, ತಾಯಿ ತಿಂದು ಹಾಕುತ್ತೆ' ಎಂದು ಅಮ್ಮ ದಿನಾ ಜಗಳ ಮಾಡುತ್ತಾರೆ. ಭದ್ರಾವತಿಯವರೊಬ್ಬರು ಮುಂಗಡ ಕೊಟ್ಟಿದ್ದಾರೆ, 35ನೇ ದಿನಕ್ಕೇ ಮರಿ ಬೇಕಂತೆ. ವ್ಯಾಯಾಮ ಮಾಡಿಸಿದ ಮರಿ ಎಂದು ಬೆಲೆ ಸ್ವಲ್ಪ ಜಾಸ್ತಿ ಹೇಳಬಹುದಾ? ನಾನು ಸರಿಯಾ, ಅಮ್ಮ ಸರಿಯಾ?"

ಮಾರಾಯರೇ, ನೀವೂ ಅರ್ಧ ಸರಿ, ಅಮ್ಮನೂ ಅರ್ಧ ಸರಿ ಎಂದು ಬರೆದು ಮುಗಿಸಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಆದರೆ ನಾಯಿಮರಿಯ ವಿಷಯ ಬಂದರೆ ನನಗೆ ಸುಮ್ನೆ ಕೂರಲು ಬರುವುದಿಲ್ಲ. ನಮ್ಮ ಕಚೇರಿಯಲ್ಲಿ ಇದು ಎಲ್ಲರಿಗೂ ಗೊತ್ತು. ನಿಮ್ಮ ಪತ್ರ ಓದಿ ನನ್ನ ಮೇಜಿನ ಮೇಲೆ ತಂದಿಟ್ಟ ಹುಡುಗಿ ಆಗಲೇ ನಗುತ್ತಿದ್ದಳು.

ನೀವು ಹೇಳುವ ವ್ಯಾಯಾಮ ಯಾವುದೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಸೈನ್ಯ ತನ್ನ ನಾಯಿಗಳಿಗೆಂದು ಬಯೋ ಸೆನ್ಸರ್ ಎಂಬ ಕಾರ್ಯಕ್ರಮ ನಡೆಸಿತ್ತು. ಅದರಿಂದ ಬಂದದ್ದು ಇದು. ಆಮೇಲೆ ಕಾರ್ಮೆನ್ ಬಟಾಗ್ಲಿಯಾ ಎಂಬವರು ಅದನ್ನು ನಾಯಿ ಸಾಕಿ ಮರಿ ಮಾಡಿಸುವವರ ನಡುವೆ ಹರಡಿದರು. ಮರಿಗೆ ಮೂರು ದಿನ ಆದಾಗಿನಿಂದ ಹದಿನಾರು ದಿನದವರೆಗೆ ದಿನಕ್ಕೊಂದು ಸಲ ಮಾಡಬೇಕು. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಕಾಲ್ಬೆರಳ ಸಂದಿಯಲ್ಲಿ ಕಚಗುಳಿ ಇಡುವುದು, ತಲೆ ಮೇಲಾಗಿ ಹಿಡಿಯುವುದು, ತಲೆ ಕೆಳಗಾಗಿ ಹಿಡಿಯುವುದು, ಅಂಗಾತ ಮಲಗಿಸಿಕೊಳ್ಳುವುದು, ಫ್ರಿಜ್‌ನಲ್ಲಿಟ್ಟು ತಂಪು ಮಾಡಿದ ಒದ್ದೆ ಟವೆಲ್ ಮೇಲೆ ಬಿಡುವುದು. ಒಂದೊಂದೂ ಮೂರರಿಂದ ಐದು ಸೆಕೆಂಡು, ಅಷ್ಟೇ. ಹೀಗೆ ಬೆಳೆದ ಮರಿಯ ಹೃದಯ ಗಟ್ಟಿ, ರೋಗ ಕಡಿಮೆ, ಒತ್ತಡ ತಡೆಯುವ ಶಕ್ತಿ ಜಾಸ್ತಿ ಎನ್ನುವುದು ಅವರ ವಾದ.

ತಪ್ಪೇನಿಲ್ಲ, ಹೇಳಿದಷ್ಟೇ ಮಾಡಿದರೆ ಮರಿಗೆ ತೊಂದರೆಯೂ ಆಗುವುದಿಲ್ಲ. ಅಷ್ಟು ಮಟ್ಟಿಗೆ ನೀವು ಸರಿ. ಆದರೆ ದಿನಕ್ಕೆ ಎರಡು ಸಲ ಮಾಡಿ ಎಂದು ಯಾರು ಹೇಳಿದರು ನಿಮಗೆ? ಅದನ್ನು ಕಲಿಸಿದವರೇ ಒಂದೇ ಸಲ ಸಾಕು, ಮೀರಿದರೆ ಕೆಡುಕು ಎಂದು ಎಚ್ಚರಿಸಿದ್ದಾರೆ. ಗೊಬ್ಬರ ಜಾಸ್ತಿ ಸುರಿದರೆ ಅಡಿಕೆ ಸಸಿ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾ? ಮತ್ತೆ ಆ ತಂಪು ಟವೆಲ್! ಮೊದಲ ವಾರದ ಮರಿಗೆ ಚಳಿಯಾದರೆ ನಡುಗಲೂ ಬರುವುದಿಲ್ಲ. ತನ್ನ ಮೈ ಬಿಸಿ ತಾನೇ ಕಾಯ್ದುಕೊಳ್ಳಲಾರದು, ತಾಯಿಯ ಹೊಟ್ಟೆ, ಅಣ್ಣತಮ್ಮಂದಿರ ಮೈ ಇವೇ ಅದಕ್ಕೆ ಒಲೆ. ಗೋಡೆಯಲ್ಲಿ ನೀರು ಒಸರುವ ಜುಲೈ ತಿಂಗಳಲ್ಲಿ, ಹೊಸನಗರದಲ್ಲಿ ಕೂತು, ಇನ್ನೂ ತಂಪು ಬೇಕು ಎಂದು ಫ್ರಿಜ್ ಬಾಗಿಲು ತೆಗೆಯುತ್ತೀರಲ್ಲ, ನಿಮ್ಮ ಅಮ್ಮ ಜಗಳ ಮಾಡದೆ ಇನ್ನೇನು ಮಾಡಬೇಕು?

ಇದರಿಂದ ನಿಜಕ್ಕೂ ಲಾಭ ಇದೆಯಾ? ನೆಲಬಾಂಬ್ ಹುಡುಕುವ ನಾಯಿಗಳಲ್ಲಿ ಇದನ್ನು ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು. ವ್ಯಾಯಾಮ ಮಾಡಿಸಿದ ಮರಿಗೂ ಮಾಡಿಸದ ಮರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅಲ್ಲಿನ ಮರಿಗಳಿಗೆಲ್ಲ ಒಳ್ಳೆಯ ಆರೈಕೆ, ಜನರ ಒಡನಾಟ ಹೇಗೂ ಇತ್ತು. ಅದಿದ್ದ ಮೇಲೆ ಹತ್ತಿಕಡ್ಡಿಗೆ ಮಾಡಲು ಏನು ಉಳಿಯಿತು ಎನ್ನುವುದು ನನ್ನ ಪ್ರಶ್ನೆ.

ಇನ್ನೊಂದು ಕಥೆ ಇಲಿಗಳದ್ದು, ನನಗೆ ಬಹಳ ಇಷ್ಟವಾದದ್ದು. 1950ರ ದಶಕದಲ್ಲಿ ಸೀಮೋರ್ ಲೆವಿನ್ ಎಂಬ ವಿಜ್ಞಾನಿ ಎಳೆ ಇಲಿಮರಿಗಳನ್ನು ದಿನಾ ಸ್ವಲ್ಪ ಹೊತ್ತು ಗೂಡಿನಿಂದ ಎತ್ತಿ ವಾಪಸ್ ಇಡುತ್ತಿದ್ದ. ಅವು ದೊಡ್ಡವಾದಾಗ ಬೇರೆ ಇಲಿಗಳಷ್ಟು ಹೆದರುತ್ತಿರಲಿಲ್ಲ. ಆಹಾ, ಎತ್ತುವುದರಲ್ಲೇ ಮಂತ್ರ ಇದೆ ಎಂದುಕೊಂಡರು ಎಲ್ಲರೂ. ಎಷ್ಟೋ ವರ್ಷದ ಮೇಲೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿ ಮತ್ತು ಜೊತೆಯವರು ತಾಯಿ ಇಲಿಯನ್ನೇ ಕೂತು ಗಮನಿಸಿದರು. ಮರಿ ಕೈಯಿಂದ ಗೂಡಿಗೆ ವಾಪಸ್ ಬಂದ ಕೂಡಲೇ ತಾಯಿ ಅದನ್ನು ಮಾಮೂಲಿಗಿಂತ ಜಾಸ್ತಿ ನೆಕ್ಕುತ್ತಿತ್ತು! ಚೆನ್ನಾಗಿ ನೆಕ್ಕಿಸಿಕೊಂಡ ಮರಿಗಳೇ ದೊಡ್ಡವಾದ ಮೇಲೆ ಗಾಬರಿ ಬೀಳದೆ ಇರುತ್ತಿದ್ದವು. ಕೆಲಸ ಮಾಡಿದ್ದು ತಾಯಿಯ ನಾಲಿಗೆ, ಹೆಸರು ಬಂದದ್ದು ವಿಜ್ಞಾನಿಯ ಕೈಗೆ. ಇಲಿಗೂ ನಾಯಿಗೂ ವ್ಯತ್ಯಾಸ ಇದೆ, ಒಪ್ಪಿದೆ. ಆದರೂ ನಾಯಿಯನ್ನೇ ನೋಡಿ, ಎಳೆ ಮರಿಗೆ ತಾಯಿ ಹೊಟ್ಟೆ ನೆಕ್ಕದಿದ್ದರೆ ಉಚ್ಚೆ ಹೊಯ್ಯಲೂ ಆಗುವುದಿಲ್ಲ.

ನಮ್ಮ ಅಜ್ಜನ ಮನೆ ತೀರ್ಥಹಳ್ಳಿ ಹತ್ತಿರ. ಬೆಳ್ಳಿ ಅಂತ ಒಂದು ನಾಯಿ ಇತ್ತು, ಯಾವ ಜಾತಿಯೂ ಅಲ್ಲ. ಒಂದು ಆಷಾಢದಲ್ಲಿ ಸೌದೆ ರಾಶಿಯ ಹಿಂದೆ ಮರಿ ಹಾಕಿತು. ಅಜ್ಜಿ ಬೈಯುತ್ತಲೇ ಹೋಗಿ ಒಂದೊಂದೇ ಮರಿ ಸೆರಗಿನಲ್ಲಿ ಎತ್ತಿಕೊಂಡು ಬಂದು ಬಚ್ಚಲು ಮನೆಯ ಹಂಡೆ ಒಲೆಯ ಪಕ್ಕ ಅಡಿಕೆ ಹಾಳೆ, ಅದರ ಮೇಲೆ ಗೋಣಿಚೀಲ ಹಾಸಿ ಮಲಗಿಸಿದಳು. ಬೆಳ್ಳಿ ಹಿಂದೆಯೇ ಬಂತು, ಗುರ್ರೆನ್ನಲಿಲ್ಲ. ಒಂದು ಮರಿ ತಣ್ಣಗಾಗಿ ಹಾವಿನ ಹಾಗೆ ಜೋತು ಬಿದ್ದಿತ್ತು. ನಾನು ಒಳಗಿಂದ ಹಾಲು ತರಲು ಓಡಿದೆ. "ಮೊದ್ಲು ಬೆಚ್ಚಗಾಗ್ಲಿ ಕಣಾ, ಆಮೇಲೆ ಹಾಲು" ಎಂದು ಅಜ್ಜಿ ಅದನ್ನು ಹಳೇ ಕಂಬಳಿ ತುಂಡಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಒಲೆ ಮುಂದೆ ಕೂತಳು. ತಣ್ಣಗಾದ ಮರಿಗೆ ಹಾಲು ಜೀರ್ಣವಾಗುವುದಿಲ್ಲ, ಮೊದಲು ಮೈ ಬೆಚ್ಚಗಾಗಬೇಕು ಎಂದು ಪಶುವೈದ್ಯರು ಹೇಳುವುದನ್ನು ನಾನು ಕೇಳಿದ್ದು ಮೂವತ್ತು ವರ್ಷ ಕಳೆದ ಮೇಲೆ. ಆಮೇಲೆ ದಿನಾ ಬೆಳಿಗ್ಗೆ ಒಲೆಯ ಬೂದಿ ತೆಗೆಯಲು ಹೋದಾಗ ಅಜ್ಜಿ ಪ್ರತಿ ಮರಿಯನ್ನೂ ಒಮ್ಮೆ ಎತ್ತಿ, ಹೊಟ್ಟೆ ಮುಟ್ಟಿ ನೋಡಿ, ಹೊಟ್ಟೆ ತುಂಬಿದ್ದನ್ನು ಆಚೆಗೆ ಸರಿಸಿ ಸೊರಗಿದ್ದನ್ನು ಮೊಲೆಗೆ ಹತ್ತಿಸುತ್ತಿದ್ದಳು. ಕಣ್ಣು ಬಿಡುವ ಮೊದಲೇ ಅವಕ್ಕೆ ಅವಳ ಕೈ ವಾಸನೆ ಗೊತ್ತಿತ್ತು. ಕೊಡದ ಸದ್ದು, ಹೊಗೆ, ಮಕ್ಕಳ ಗಲಾಟೆ ಎಲ್ಲ ಗೊತ್ತಿತ್ತು. ಅವಳ ಬಳಿ ಸ್ಟಾಪ್‌ವಾಚ್ ಇರಲಿಲ್ಲ.

ಹಾಗಾಗಿ ನಿಮ್ಮ ಅಮ್ಮನಿಗೂ ಒಂದು ಮಾತು ಹೇಳಿಬಿಡಿ. ಮನೆಯ ನಾಯಿ, ನಂಬಿದ ಕೈ ಮುಟ್ಟಿದರೆ ಮರಿ ತಿನ್ನುವುದಿಲ್ಲ. ಊರವರೆಲ್ಲ ಬಂದು ಸುತ್ತ ನಿಂತು ಫೋಟೊ ಹೊಡೆದರೆ, ಹೆದರಿದ ತಾಯಿ ಏನು ಬೇಕಾದರೂ ಮಾಡೀತು. ಮನುಷ್ಯರ ಬಾಣಂತಿ ಕೋಣೆಗೆ ಒಂದು ಶಿಸ್ತು ಇರಲಿಲ್ವಾ? ಅದೇ. ಅಲ್ಲೂ ಅಜ್ಜಿಯರು ಕೂಸನ್ನು ಚಾಚಿದ ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ, ಕೈಕಾಲು ಎಳೆದು, ಮಗುಚಿ ಹಾಕಿ ಮೀಯಿಸುತ್ತಿದ್ದರು. ಯಾರೂ ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟು ದುಡ್ಡು ಕೇಳಲಿಲ್ಲ. ಈಗ ಹೊಟ್ಟೆಯಲ್ಲಿರುವ ಕೂಸಿಗೇ ಪಾಠ ಶುರು ಮಾಡುತ್ತಾರೆ, ಮೂರು ವರ್ಷಕ್ಕೆ ಟ್ಯೂಷನ್. ಆ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಲು ಮಾತ್ರ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಇರಲಿ, ನಾಯಿಗೆ ಬರುತ್ತೇನೆ. ನನಗೆ ಸಿಟ್ಟು ಬಂದದ್ದು ನಿಮ್ಮ ಹತ್ತಿಕಡ್ಡಿಗಲ್ಲ, ಆ 35ನೇ ದಿನಕ್ಕೆ.

ಕೆಲವು ವರ್ಷದ ಹಿಂದೆ ನಾನೂ ಒಂದು ಲ್ಯಾಬ್ರಡಾರ್ ಮರಿ ತಂದೆ. ಕೊಟ್ಟವರು ಮರಿಗೆ ನಲವತ್ತೈದು ದಿನ ಎಂದರು. ಹಲ್ಲು ನೋಡಿದ ವೈದ್ಯರು ನಾಲ್ಕು ವಾರ ಆಗಿದ್ದರೆ ಹೆಚ್ಚು ಎಂದರು. ಅದಕ್ಕೆ ಕಚ್ಚುವುದರ ಲೆಕ್ಕವೇ ಗೊತ್ತಿರಲಿಲ್ಲ. ಜೋರಾಗಿ ಕಚ್ಚಿದರೆ ಜೊತೆಯ ಮರಿ ಕುಂಯ್ ಎಂದು ಆಟ ನಿಲ್ಲಿಸುತ್ತದೆ, ತಾಯಿ ಎದ್ದು ಹೋಗುತ್ತದೆ, ಮರಿ ಕಲಿಯುವುದು ಹಾಗೆ. ನಮ್ಮದಕ್ಕೆ ಆ ಶಾಲೆಯೇ ತಪ್ಪಿತ್ತು. ಕುಕ್ಕರ್ ಕೂಗಿದರೆ ಮಂಚದ ಕೆಳಗೆ. ಗಣಪತಿ ಮೆರವಣಿಗೆ ಹೊರಟರೆ ಮೂರು ದಿನ ಊಟ ಇಲ್ಲ. ಒಂಬತ್ತು ವರ್ಷ ಬದುಕಿತು, ಒಂದು ದಿನವೂ ನೆಮ್ಮದಿಯಾಗಿ ಅಂಗಳದಲ್ಲಿ ಮಲಗಿದ್ದನ್ನು ನಾನು ನೋಡಲಿಲ್ಲ. ಮರಿ ಮುದ್ದಾಗಿದೆ ಎಂದು ಕಣ್ಣು ಮುಚ್ಚಿ ತಂದದ್ದು ನಾನೇ, ಆ ಪಾಪದಲ್ಲಿ ನನ್ನದೂ ಪಾಲಿದೆ.

ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮರಿ ಲೋಕವನ್ನು ಪರಿಚಯ ಮಾಡಿಕೊಳ್ಳುವ ಕಾಲ. 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಿಗಳನ್ನು ಬೇಲಿಯೊಳಗೆ, ಜನರ ಒಡನಾಟವಿಲ್ಲದೆ ಬೆಳೆಸಿದ್ದರು. ಹದಿನಾಲ್ಕು ವಾರದವರೆಗೆ ಹಾಗೇ ಬಿಟ್ಟ ಮರಿಗಳು ಆಮೇಲೆ ಏನು ಮಾಡಿದರೂ ಮನುಷ್ಯರಿಗೆ ಹೊಂದಿಕೊಳ್ಳಲಿಲ್ಲ. ಅಂದರೆ ತಾಯಿಯೂ ಬೇಕು, ಜನರೂ ಬೇಕು, ಎರಡೂ ಒಟ್ಟಿಗೆ ಬೇಕು. ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. ನಾಯಿ ಸಾಕಿ ಮಾರುವವರಿಗೆಂದು ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ತಾಯಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕಿಸುವಂತಿಲ್ಲ. ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನೀವು ಮಾಡಿಸಿದ್ದೀರಾ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ.

ಜವಾಬ್ದಾರಿಯಿಂದ ಸಾಕುತ್ತೇವೆ ಎನ್ನುವವರೂ ಮಾತಾಡುವುದು ವ್ಯಾಯಾಮದ ಬಗ್ಗೆ, ಸರ್ಟಿಫಿಕೇಟಿನ ಬಗ್ಗೆ. ತಾಯಿ ಎಲ್ಲಿ, ನೋಡಬಹುದಾ ಎಂದು ಕೇಳಿದರೆ ಮುಖ ಬೇರೆ ಕಡೆ ತಿರುಗುತ್ತದೆ. ಇತ್ತ ನಮ್ಮ ಸಂತೆ ಮೈದಾನದ ಮೂಲೆಯಲ್ಲಿ, ಘಾಟಿ ರಸ್ತೆಯ ತಿರುವಿನಲ್ಲಿ ಗೋಣಿಚೀಲದಲ್ಲಿ ಹೆಣ್ಣು ಮರಿಗಳನ್ನು ಬಿಟ್ಟು ಹೋಗುತ್ತಾರೆ, ಇನ್ನೂ ಕಣ್ಣು ಸರಿಯಾಗಿ ಕಾಣದವು. ಅವನ್ನು ಎತ್ತಿಕೊಂಡು ಬರುವ ಶಾಲೆ ಮಕ್ಕಳಿಗೆ ಮನೆಯಲ್ಲಿ ಏಟು.

ಬೆಲೆ ಜಾಸ್ತಿ ಕೇಳುವ ವಿಷಯ: ವ್ಯಾಯಾಮಕ್ಕಾಗಿ ಬೇಡ. ಎಂಟು ವಾರ ಸಾಕಿ, ಜಂತುಹುಳದ ಔಷಧ ಕೊಟ್ಟು, ಮೊದಲ ಲಸಿಕೆ ಹಾಕಿಸಿ, ಮಿಕ್ಸಿ, ಮಳೆ, ಕೊಡೆ, ನೆಂಟರ ಮಕ್ಕಳು ಎಲ್ಲದರ ಪರಿಚಯ ಮಾಡಿಸಿ ಕೊಡುವುದಾದರೆ ಧಾರಾಳವಾಗಿ ಕೇಳಿ. ಅದಕ್ಕೆ ಖರ್ಚು ಬರುತ್ತದೆ, ನಿದ್ದೆಯೂ ಕೆಡುತ್ತದೆ. ಬಂದವರಿಗೆ ತಾಯಿಯನ್ನು ತೋರಿಸಿ.

ಇದು ಅಚ್ಚಾಗಿ ನಿಮ್ಮ ಕೈಗೆ ಬರುವಷ್ಟರಲ್ಲಿ ಮರಿಗಳು ಕಣ್ಣು ಬಿಟ್ಟು, ನಿಮ್ಮ ಚಪ್ಪಲಿ ಹುಡುಕುತ್ತಿರುತ್ತವೆ. ವ್ಯಾಯಾಮದ ದಿನಗಳು ಹೇಗೂ ಮುಗಿದಿರುತ್ತವೆ. ಭದ್ರಾವತಿಯವರಿಗೆ ಇವತ್ತೇ ಫೋನ್ ಮಾಡಿ. 35 ಅಲ್ಲ, 56, ನೀವು ಕೇಳಿದ್ದಕ್ಕಿಂತ 21 ದಿನ ಹೆಚ್ಚು ಕಾಯಿರಿ, ಅಷ್ಟರಲ್ಲಿ ಒಂದು ಭಾನುವಾರ ಬಂದು ಮರಿ ಜೊತೆ ಕೂತು ಹೋಗಿ ಎನ್ನಿ. ಒಪ್ಪಿದರೆ ಅಮ್ಮನ ಕೈಯಲ್ಲಿ ಕಾಫಿ ಮಾಡಿಸಿ ಕೊಡಿ. ಒಪ್ಪದಿದ್ದರೆ ಮುಂಗಡ ವಾಪಸ್ ಕೊಟ್ಟುಬಿಡಿ.