ಐವರು ಗಂಡುಮಕ್ಕಳಿದ್ದೂ ನಿಂತ ವಂಶ

ಐವರು ಗಂಡುಮಕ್ಕಳಿದ್ದೂ ಮಧ್ಯಯುಗದ ಇಂಗ್ಲೆಂಡಿನ ಹೆಸರಾಂತ ಯೋಧ, ಪೆಂಬ್ರೋಕ್‌ನ ಅರ್ಲ್ (ಸಾಮಂತ ಪದವಿ) ವಿಲಿಯಂ ಮಾರ್ಷಲ್‌ನ ವಂಶ ನಿಂತುಹೋದದ್ದೇಕೆಂದು ತಾವು ಕೇಳಿದ್ದೀರಿ. 1219ರಲ್ಲಿ ಆತ ತೀರಿಕೊಂಡ ಮೇಲೆ ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಹಕ್ಕುದಾರರಾದರೂ ಯಾರಿಗೂ ಔರಸ ಸಂತಾನವಾಗಲಿಲ್ಲ. ಹಿರಿಯವನು 1231ರಲ್ಲಿ ಸತ್ತನು. ರಿಚರ್ಡ್ 1234ರಲ್ಲಿ ಐರ್ಲೆಂಡಿನ ಕಾಳಗದಲ್ಲಿ ತಗುಲಿದ ಗಾಯದಿಂದ ಅಳಿದನು. 1241ರಲ್ಲಿ ಗಿಲ್ಬರ್ಟ್, ತಂದೆಗೆ ಹೆಸರು ತಂದುಕೊಟ್ಟಿದ್ದ ಅದೇ ಕುದುರೆಕಾಳಗದ ಪಂದ್ಯದಲ್ಲಿ ಬಿದ್ದು, ರಿಕಾಪಿನಲ್ಲಿ ಕಾಲು ಸಿಕ್ಕಿ, ನೆಲದ ಮೇಲೆ ಎಳೆದಾಡಲ್ಪಟ್ಟು ಪ್ರಾಣಬಿಟ್ಟನು. ವಾಲ್ಟರ್ ಮತ್ತು ಆನ್ಸೆಲ್ಮ್ 1245ರಲ್ಲಿ ಒಂದೇ ತಿಂಗಳ ಅಂತರದಲ್ಲಿ ಹೋದರು. ಆಸ್ತಿ ವಿಲಿಯಂನ ಐವರು ಹೆಣ್ಣುಮಕ್ಕಳ ಕಡೆಯವರಿಗೆ ಹಂಚಿಹೋಯಿತು. ಆದ್ದರಿಂದ ನಿಂತದ್ದು ಹೆಸರು ಮಾತ್ರ, ರಕ್ತವಲ್ಲ: ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್, ವಿಲಿಯಂನ ಮಗಳು ಇಸಬೆಲ್ಲಳ ಮರಿಮಗ.